ಹುಡುಕಿದ್ದು ಒಂದೆಡೆ, ಜಾಹೀರಾತು ಎಲ್ಲೆಡೆ!

ಪ್ರ: ನಂಜನಗೂಡು ರಸಬಾಳೆ ಸಸಿ ಎಲ್ಲಿ ಸಿಗುತ್ತದೆಂದು ಫೋನಿನಲ್ಲಿ ಹುಡುಕಿದೆ. ಆಮೇಲೆ ಯಾವ ಆ್ಯಪ್ ತೆರೆದರೂ ಸಸಿ, ಗೊಬ್ಬರದ ಜಾಹೀರಾತೇ. ತಡೆಯುವುದು ಹೇಗೆ?
– ಓದುಗರೊಬ್ಬರು, ತಿ. ನರಸೀಪುರ

ಉ: ನಿಮ್ಮ ಫೋನಿಗೊಂದು ಜಾಹೀರಾತು ಗುರುತುಸಂಖ್ಯೆ ಇದೆ. ಆ್ಯಪ್‌ಗಳೊಳಗೆ ಕೂತ ಟ್ರ್ಯಾಕರ್‌ಗಳು ನೀವು ನೋಡಿದ್ದು, ಹುಡುಕಿದ್ದನ್ನೆಲ್ಲ ಆ ಸಂಖ್ಯೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ.

ಸಾಮಾನ್ಯವಾಗಿ ಜಾಹೀರಾತು ಬರುವುದು ಬೇರೊಂದು ಸರ್ವರ್‌ನಿಂದ. ಅದರ ವಿಳಾಸ ಫೋನಿಗೆ ಗೊತ್ತಿರುವುದಿಲ್ಲ. ಡಿಎನ್ಎಸ್ ಎಂಬ ವ್ಯವಸ್ಥೆಯನ್ನು ಕೇಳುತ್ತದೆ. ನಂಜನಗೂಡು ಬಸ್ ನಿಲ್ದಾಣದಲ್ಲಿ ನರಸೀಪುರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸಿದ ಹಾಗೆ. ಅಲ್ಲಿನವರು 'ಅಂಥ ಊರೇ ಇಲ್ಲ' ಅಂದುಬಿಟ್ಟರೆ? ಪ್ರಯಾಣ ಅಲ್ಲಿಗೇ ಮುಗಿಯಿತು. ಜಾಹೀರಾತು ತಡೆಯುವ ಡಿಎನ್ಎಸ್ ಹೇಳುವುದು ಇದೇ ಸುಳ್ಳನ್ನು. ಉಪಕಾರಿ ಸುಳ್ಳು ಅನ್ನಿ!

2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದೀಚೆಗೆ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್ಎಸ್' ಇದೆ. ಜಾಹೀರಾತು ತಡೆಯುವ ಆಡ್‌ಗಾರ್ಡ್‌ನಂಥ ಡಿಎನ್ಎಸ್ ಸೇವೆಯ ವಿಳಾಸವನ್ನು ಅಲ್ಲಿ ತುಂಬಿದರಾಯಿತು. ಯೂಟ್ಯೂಬ್ ಜಾಹೀರಾತು ಮಾತ್ರ ಇದಕ್ಕೆ ಜಗ್ಗದು; ವಿಡಿಯೊ ಬರುವ ಕಡೆಯಿಂದಲೇ ಅದೂ ಬರುತ್ತದೆ. ಯಾವುದಾದರೂ ಆ್ಯಪ್ ಕೈಕೊಟ್ಟರೆ ಇದನ್ನು ಆಫ್ ಮಾಡಿ ನೋಡಿ.

ಹಾಗೆಯೇ ಗೂಗಲ್ ಸೆಟ್ಟಿಂಗ್ಸ್‌ನ 'ಆ್ಯಡ್ಸ್' ವಿಭಾಗಕ್ಕೆ ಹೋಗಿ ಆ ಗುರುತುಸಂಖ್ಯೆಯನ್ನೂ ಅಳಿಸಿಬಿಡಿ.