ತಲೆಗೂದಲಿನ ಶುಚಿ

ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲ ಹಂಡೆಯನ್ನು ಬೆಳಗಿ, ಅದಕ್ಕೆ ನೀರು ತುಂಬುವ ಪದ್ಧತಿ ಕನ್ನಡ ನಾಡಿನಲ್ಲುಂಟು. ಮರುದಿನ ನಸುಕಿನಲ್ಲಿ ಮನೆಯವರೆಲ್ಲ ನೆತ್ತಿಗೆ ಎಣ್ಣೆಯೊತ್ತಿಸಿಕೊಂಡು, ಸೀಗೆಪುಡಿಯಿಂದ ತಲೆ ತೊಳೆದುಕೊಳ್ಳುತ್ತಾರೆ. ಈ ಅಭ್ಯಂಜನದಲ್ಲಿ ಧಾರ್ಮಿಕ ಶ್ರದ್ಧೆಯೊಡನೆ ತಲೆಮಾರುಗಳ ಅನುಭವವೂ ಬೆರೆತಿದೆ.

ಮನುಷ್ಯನ ತಲೆಯಲ್ಲಿ ಸುಮಾರು 1,00,000 ಕೂದಲುಗಳಿರುತ್ತವೆ. ಅವು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತವೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡೊಡನೆ ಗಾಬರಿಗೊಳ್ಳಬೇಕಾಗಿಲ್ಲ. ಕೂದಲಿನ ಜೀವವೆಲ್ಲ ಚರ್ಮದೊಳಗಿನ ಬುಡದಲ್ಲಿದೆ. ಹೊರಗೆ ಕಾಣುವುದು ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ಎಳೆ. ಅದರ ಮೇಲೆ ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮ ಹುರುಪೆಗಳಿವೆ. ಅವು ಒತ್ತಾಗಿ ಮಲಗಿದ್ದರೆ ಕೂದಲು ಹೊಳೆಯುತ್ತದೆ. ಮೇಲೆದ್ದರೆ ಒರಟಾಗಿ ಸಿಕ್ಕುಗಟ್ಟುತ್ತದೆ. ಚರ್ಮದ ಗಾಯ ಮಾಯುವಂತೆ ಕೆಟ್ಟ ಎಳೆಯು ತಾನಾಗಿ ಸರಿಹೋಗದು. ಆದುದರಿಂದಲೇ ತೊಳೆಯುವ ಕ್ರಮಕ್ಕೆ ಇಷ್ಟು ಮಹತ್ವ.

ನೆತ್ತಿಯ ಚರ್ಮದಲ್ಲಿರುವ ಗ್ರಂಥಿಗಳು ಜಿಡ್ಡನ್ನು ಸ್ರವಿಸುತ್ತವೆ. ಧೂಳೂ ಬೆವರೂ ಅದಕ್ಕೆ ಅಂಟಿಕೊಳ್ಳುತ್ತವೆ. ಬರಿಯ ನೀರಿಗೆ ಜಿಡ್ಡು ಬಿಡುವುದಿಲ್ಲ. ಮೈಸಾಬೂನು ಅದನ್ನು ಬಿಡಿಸುತ್ತದೆ, ನಿಜ. ಆದರೆ ಅದು ಕ್ಷಾರಗುಣದ್ದಾದುದರಿಂದ ಹುರುಪೆಗಳನ್ನು ಎಬ್ಬಿಸುತ್ತದೆ. ಮೇಲಾಗಿ ಬಯಲುಸೀಮೆಯ ಅನೇಕ ಊರುಗಳ ಕೊಳವೆಬಾವಿಯ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಸಾಬೂನು ಸೇರಿ ಕರಗದ ಗಷ್ಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ಎಂಬ ನೊರೆವಸ್ತುವಿಗೆ ಈ ದೋಷವಿಲ್ಲ. ಕಣ್ಣಿಗೆ ಬಿದ್ದರೆ ಉರಿಯುತ್ತದೆಂಬುದು ಮಕ್ಕಳೆಲ್ಲರೂ ಬಲ್ಲ ಸಂಗತಿ! ಶಾಂಪೂ ಸಹ ಗಡಸು ನೀರಿನಲ್ಲಿ ಗಷ್ಟುಗಟ್ಟುವುದಿಲ್ಲ. ಅದನ್ನು ಹಳಿಯಲು ಕಾರಣವಿಲ್ಲ. ಆ ಹೆಸರೂ ಭಾರತದ್ದೇ. ಹಿಂದಿಯಲ್ಲಿ ಒತ್ತುವುದು, ನೀವುವುದು ಎಂಬರ್ಥದ ಮಾತಿನಿಂದ ಅದು ಹುಟ್ಟಿತು. 1759ರಲ್ಲಿ ಪಾಟ್ನಾದಲ್ಲಿ ಜನಿಸಿದ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು ಮೈ ನೀವುವ ಈ ಕಲೆಯಿಂದ ಹೆಸರಾದನು. ತಲೆ ತೊಳೆಯುವುದೆಂಬ ಅರ್ಥ ಬಂದುದು ಅನಂತರ.

ಸ್ನಾನಕ್ಕೆ ಮುನ್ನ ಸಿಕ್ಕು ಬಿಡಿಸಬೇಕು. ಕುದಿನೀರು ಸಲ್ಲದು, ಉಗುರುಬೆಚ್ಚಗಿದ್ದರೆ ಸಾಕು. ಉಗುರಿನಿಂದ ಕೆರೆಯದೆ ಬೆರಳ ತುದಿಗಳಿಂದ ನೆತ್ತಿಯನ್ನು ಉಜ್ಜಬೇಕು. ಇಳಿದು ಬರುವ ನೊರೆಯಿಂದಲೇ ತುದಿಗೂದಲು ಶುಚಿಯಾಗುತ್ತದೆ. ನೊರೆಯೆಲ್ಲ ಹೋಗುವವರೆಗೆ ನೀರು ಹೊಯ್ಯಬೇಕು. ನೆನೆದ ಕೂದಲು ದುರ್ಬಲ. ಅದನ್ನು ಟವಲಿನಿಂದ ತಿಕ್ಕದೆ ಒತ್ತಿ ಒರೆಸುವುದು ಲೇಸು. ವಾರಕ್ಕೆ ಎಷ್ಟು ಸಲ ಎಂಬುದಕ್ಕೆ ಎಲ್ಲರಿಗೂ ಒಂದೇ ನಿಯಮವಿಲ್ಲ. ಜಿಡ್ಡು, ಬೆವರು, ಧೂಳುಗಳನ್ನು ನೋಡಿ ನಿರ್ಧರಿಸಬೇಕು.

ತಲೆಹೊಟ್ಟಿಗೆ ಎಣ್ಣೆಯೇ ಮದ್ದೆಂಬ ನಂಬಿಕೆ ಸರಿಯಲ್ಲ. ಹೊಟ್ಟನ್ನು ಹೆಚ್ಚಿಸುವ ಸೂಕ್ಷ್ಮ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಹೇನಿನ ವಿಷಯದಲ್ಲಂತೂ ತಪ್ಪು ತಿಳಿವಳಿಕೆ ಹೆಚ್ಚು. ಹೇನು ಕೊಳೆಯಿಂದ ಹುಟ್ಟುವುದಿಲ್ಲ. ರಕ್ತ ಹೀರಿ ಬದುಕುವ ಆ ಕೀಟ ತಲೆಗೆ ತಲೆ ತಾಗಿದಾಗ ಹರಡುತ್ತದೆ. ಶುಚಿಯಾದ ಕೂದಲನ್ನೂ ಅದು ಬಿಡದು. ಹೇನು ಕಂಡಿತೆಂದು ತರಗತಿಯ ಹುಡುಗಿಯನ್ನು ದೂರ ಕೂರಿಸಿ ನಗುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು. ಸೀರಣಿಗೆಯಿಂದ ಒದ್ದೆಗೂದಲನ್ನು ಬುಡದಿಂದ ತುದಿಯವರೆಗೆ ಬಾಚಬೇಕು. ಸೀರು ಒಡೆಯಲು 7ರಿಂದ 10 ದಿನಗಳು ಬೇಕಾಗುವುದರಿಂದ ಈ ಕೆಲಸವನ್ನು ಎರಡು ವಾರಗಳಾದರೂ ಬಿಡದೆ ಮಾಡಬೇಕು. ಮನೆಯ ಇತರರ ತಲೆಯನ್ನೂ ಅದೇ ದಿನಗಳಲ್ಲಿ ನೋಡಬೇಕು.