ಅಂಗಡಿಗೂ ಯಂತ್ರಕ್ಕೂ ನಡುವೆ ಹುಟ್ಟಿದ ಕೆಲಸಗಳು

ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೇ ಬಂದುಬಿಟ್ಟಿತು. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಸೇರುವುದರಿಂದ ಹಬ್ಬ ಸೆಪ್ಟೆಂಬರ್ 14ಕ್ಕೆ. ತುಮಕೂರು ಜಿಲ್ಲೆಯ ಕುಣಿಗಲ್ಲಿನ ದಿನಸಿ ಅಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕ್ಯಾಲೆಂಡರ್ ಗೋಡೆಯ ಮೇಲೇ ನೇತಾಡುತ್ತಿರುತ್ತದೆ. ಆದರೆ ಹೋದ ವರ್ಷದ ಮಾರಾಟ ನೋಡಿ ಈ ವರ್ಷದ ಖರೀದಿ ನಿರ್ಧರಿಸುವ ತಂತ್ರಾಂಶಕ್ಕೆ ತಾರೀಖು ಮಾತ್ರ ಗೊತ್ತು, ತಿಥಿ ಗೊತ್ತಿಲ್ಲ ಎಂದುಕೊಳ್ಳಿ. ಅದು ಬೆಲ್ಲ, ಕಡಲೆಬೇಳೆ, ತೆಂಗಿನಕಾಯಿಯನ್ನು ಆಗಸ್ಟ್ ಕೊನೆಗೇ ತರಿಸಿ ಗೋದಾಮು ತುಂಬಿಸುತ್ತದೆ. ಹದಿನೆಂಟು ದಿನ ಬಿಟ್ಟು ಹಬ್ಬದ ಗಿರಾಕಿ ಬರುವ ಹೊತ್ತಿಗೆ ಕಾಯಿ ಒಣಗಲು ಶುರುವಾಗಿರುತ್ತದೆ, ಬೇಕಾದ ಬೇರೆ ಸಾಮಾನಿಗೆ ಜಾಗವೂ ಇರುವುದಿಲ್ಲ.

ದೊಡ್ಡ ಕಂಪನಿಗಳು ತಮ್ಮ ವ್ಯವಸ್ಥೆಗೆ ಮುಖ್ಯ ಹಬ್ಬಗಳ ಪಟ್ಟಿ ಕೊಟ್ಟಿರುತ್ತವೆ, ನಿಜ. ಆದರೆ ಗುಬ್ಬಿ ಚನ್ನಬಸವೇಶ್ವರ ಸ್ವಾಮಿಯ ಜಾತ್ರೆ, ಶಿವರಾತ್ರಿಗೆ ಸಿದ್ಧಗಂಗೆಯಲ್ಲಿ ಸೇರುವ ಜನ, ಒಂದು ಹೋಬಳಿಯ ಊರಹಬ್ಬ, ಮದುವೆ ಮುಹೂರ್ತ ಹೆಚ್ಚಿರುವ ವಾರ ಇವೆಲ್ಲ ಆ ಪಟ್ಟಿಯಲ್ಲಿ ಇರಬೇಕಾದರೆ ಯಾರಾದರೂ ಸೇರಿಸಬೇಕು. ಹಾಗೆ ಸೇರಿಸುವುದು, ಯಂತ್ರ ಹೇಳಿದ ಸಂಖ್ಯೆಯನ್ನು ಪರೀಕ್ಷಿಸುವುದು, ತಪ್ಪಿದ್ದರೆ ತಿದ್ದುವುದು ಒಂದು ಕೆಲಸ. ಚಿಲ್ಲರೆ ವ್ಯಾಪಾರದಲ್ಲಿ ಕೃತಕ ಬುದ್ಧಿಮತ್ತೆಯಿಂದ, ಅಂದರೆ ಎಐಯಿಂದ, ಹುಟ್ಟುತ್ತಿರುವ ಉದ್ಯೋಗಗಳಲ್ಲಿ ಬಹಳಷ್ಟು ಇಂಥವೇ. ಇವಕ್ಕೆ ಪೇಟೆಯನ್ನು ಬಲ್ಲವರು ಬೇಕು. ಆದ್ದರಿಂದ ಈ ಅಧ್ಯಾಯ ಕಂಪ್ಯೂಟರಿನಿಂದ ಶುರುವಾಗದೆ ಅಂಗಡಿಯಿಂದ ಶುರುವಾಗುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ. ಗುಬ್ಬಿಯ ಒಂದು ಅಂಗಡಿಯಲ್ಲಿ ದಿನಕ್ಕೆ 6 ಪ್ಯಾಕೆಟ್ ಅಡುಗೆ ಎಣ್ಣೆ ಹೋಗುತ್ತದೆ ಎನ್ನಿ. ತುಮಕೂರಿನ ಮಂಡಿಪೇಟೆಗೆ ಫೋನ್ ಮಾಡಿದರೆ ಸರಕು ಬರಲು 2 ದಿನ. ಆ ಎರಡು ದಿನಕ್ಕೆ 12 ಪ್ಯಾಕೆಟ್ ಬೇಕು. ಗಾಡಿ ತಡವಾದರೆ, ಗಿರಾಕಿ ಹೆಚ್ಚಾದರೆ ಎಂದು ಇನ್ನೊಂದು ದಿನದ 6 ಕೈಯಲ್ಲಿರಲಿ. ಹಾಗಾದರೆ ದಾಸ್ತಾನು 18ಕ್ಕೆ ಇಳಿದ ಗಳಿಗೆಯಲ್ಲೇ ಮುಂದಿನ ಆರ್ಡರ್ ಹೋಗಬೇಕು. ಬೇಡಿಕೆ ಅಂದಾಜು ಮಾಡುವ ಎಐ ವ್ಯವಸ್ಥೆಗಳ ತಳದಲ್ಲಿರುವುದೂ ಇದೇ ಲೆಕ್ಕ. ಅವು ಇದನ್ನು ಸಾವಿರಾರು ಸಾಮಾನುಗಳಿಗೆ ಒಟ್ಟೊಟ್ಟಿಗೆ, ಮಳೆ, ವಾರ, ಬೆಲೆ, ಹಬ್ಬಗಳನ್ನೆಲ್ಲ ಸೇರಿಸಿ, ದಿನವೂ ಹೊಸದಾಗಿ ಮಾಡುತ್ತವೆ. ಕೈಯಲ್ಲಿ ಈ ಲೆಕ್ಕ ಮಾಡಿ ಗೊತ್ತಿರುವ ಹುಡುಗಿಗೆ ಪರದೆಯ ಮೇಲೆ 180 ಎಂದು ಬಂದರೆ ಎಲ್ಲೋ ಒಂದು ಸೊನ್ನೆ ಹೆಚ್ಚಾಗಿದೆ ಎಂದು ತಕ್ಷಣ ಹೊಳೆಯುತ್ತದೆ. ಬಿ.ಕಾಂ. ಓದುವವರು ಪರಿಚಯದ ಅಂಗಡಿಯೊಂದರಲ್ಲಿ ಕೇಳಿಕೊಂಡು, ಹತ್ತೇ ಹತ್ತು ಸಾಮಾನುಗಳ ಮೂರು ತಿಂಗಳ ಮಾರಾಟವನ್ನು ಎಕ್ಸೆಲ್‌ನಲ್ಲಿ ಬರೆದಿಡಲಿ. ತಾರೀಖು, ಸಾಮಾನು, ಅಳತೆ, ಬೆಲೆ, ಅದರ ಪಕ್ಕದಲ್ಲಿ ‘ಯಾಕೆ’ ಎಂಬ ಒಂದು ಕಾಲಂ. ‘ಸಂತೆ ದಿನ’, ‘ಮಳೆ, ಜನ ಬರಲಿಲ್ಲ’, ‘ಎದುರು ಅಂಗಡಿ ರಜೆ’ ಎಂದು ಆ ಕಾಲಂನಲ್ಲಿ ಬರೆದದ್ದು ಬೇರೆ ಯಾವ ತಂತ್ರಾಂಶದಲ್ಲೂ ಸಿಗದ ಮಾಹಿತಿ.

ಎರಡನೆಯ ಕೆಲಸ ಕ್ಯಾಟಲಾಗ್‌ನದು, ಅಂದರೆ ಮಾರುವ ಸಾಮಾನುಗಳ ಗುರುತು, ಫೋಟೊ, ವಿವರ ಸಿದ್ಧಮಾಡುವುದು; ನನ್ನ ಅಂದಾಜಿನಲ್ಲಿ ಇದು ತುಮಕೂರು ಜಿಲ್ಲೆಯ ಯುವಕ ಯುವತಿಯರಿಗೆ ಅತಿ ಹತ್ತಿರದ್ದು. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಮೊದಲ ಬಾರಿ ಸ್ಕ್ಯಾನ್ ಮಾಡಿದರು. ಅಲ್ಲಿಂದೀಚೆಗೆ ಪೊಟ್ಟಣದಲ್ಲಿ ಬರುವ ಸರಕಿನ ಗುರುತು ಯಂತ್ರಕ್ಕೆ ಸಲೀಸಾಯಿತು. ಭಾರತದಲ್ಲಿ ನೋಂದಾಯಿಸಿದ ಬಾರ್‌ಕೋಡುಗಳು 890ರಿಂದ ಶುರುವಾಗುವುದನ್ನು ನೀವೇ ಬಿಸ್ಕತ್ತಿನ ಪೊಟ್ಟಣದ ಮೇಲೆ ನೋಡಬಹುದು. ಆದರೆ ನಮ್ಮ ಜಿಲ್ಲೆಯ ಮುಖ್ಯ ಸರಕಿಗೆ ಪೊಟ್ಟಣವೇ ಇಲ್ಲ. ತೆಂಗಿನಕಾಯಿ, ಹುಣಸೆ, ರಾಗಿ, ಹಲಸು ಇವೆಲ್ಲ ಬಿಡಿಯಾಗಿ ಬರುವಂಥವು.

ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸನ್ನೇ ನೋಡಿ. ಹಂಗಾಮಿನಲ್ಲಿ ಅಲ್ಲಿನ ಮಾರುಕಟ್ಟೆಗೆ ಹೊರ ಊರುಗಳ ವ್ಯಾಪಾರಿಗಳು ಬರುತ್ತಾರೆ. ಚೇಳೂರಿನ ರೈತರೊಬ್ಬರ ತೋಟದ ಕೆಂಪು ತೊಳೆಯ ಹಲಸನ್ನು ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಗುರುತಿಸಿ ‘ಸಿದ್ದು’ ಎಂಬ ತಳಿಯಾಗಿ ಹೆಸರಾಗಿಸಿತು. ಅದರ ಹಣ್ಣು ಸುಮಾರು ಎರಡೂವರೆ ಕೆಜಿ ತೂಗುತ್ತದೆ, ಸಣ್ಣ ಸಂಸಾರಕ್ಕೆ ಹೇಳಿಮಾಡಿಸಿದ ಗಾತ್ರ. ಈಗ ಇದನ್ನು ಆನ್‌ಲೈನ್‌ನಲ್ಲಿ ಮಾರಬೇಕು ಎನ್ನಿ. ಎಐಗೆ ಫೋಟೊ ತೋರಿಸಿದರೆ ‘ಹಲಸಿನ ಹಣ್ಣು’ ಎಂದಷ್ಟೇ ಹೇಳಬಹುದು. ತೊಳೆ ಕೆಂಪೋ ಹಳದಿಯೋ, ಗಟ್ಟಿಯೋ ಮೆದುವೋ, ಮರದಿಂದ ಇಳಿಸಿ ಎಷ್ಟು ದಿನವಾಯಿತು, ಇನ್ನೆಷ್ಟು ದಿನಕ್ಕೆ ಹಣ್ಣಾಗುತ್ತದೆ, ಇಡೀ ಹಣ್ಣನ್ನೇ ಕಳಿಸಬೇಕೋ ತೊಳೆ ಬಿಡಿಸಿಯೋ ಎಂಬ ಪ್ರಶ್ನೆಗಳಿಗೆ ತೋಟದವರನ್ನು ಕೇಳಿ ಉತ್ತರ ಬರೆಯುವವರು ಬೇಕು. ಕೊಯ್ದ ಹಣ್ಣಿನ ಒಳಗಿನ ಬಣ್ಣ ಕಾಣುವಂತೆ ಹಗಲು ಬೆಳಕಿನಲ್ಲಿ ಫೋಟೊ ಹಿಡಿಯಬೇಕು, ಪಕ್ಕದಲ್ಲಿ ಅಳತೆ ತಿಳಿಯುವ ವಸ್ತುವೊಂದು ಇರಬೇಕು. ಹುಣಸೆಯದೂ ಹೀಗೆಯೇ: ಬೀಜ ಇದೆಯೋ ತೆಗೆದಿದೆಯೋ, ಹೊಸದೋ ಕಪ್ಪಾದ ಹಳೆಯದೋ ಎಂಬುದರ ಮೇಲೆ ಬೆಲೆ ನಿಂತಿದೆ. ಉಂಡೆ ಕೊಬ್ಬರಿಗೂ ಹೋಳು ಕೊಬ್ಬರಿಗೂ ಇರುವ ವ್ಯತ್ಯಾಸ ಕ್ಯಾಟಲಾಗ್‌ನಲ್ಲಿ ತಪ್ಪಿದರೆ ಬಂದ ಆರ್ಡರ್ ಹಾಗೇ ವಾಪಸಾಗುತ್ತದೆ.

ವಿವರಣೆ ಬರೆಯುವುದನ್ನು ಎಐ ಚಕಚಕನೆ ಮಾಡಿಕೊಡುತ್ತದೆ, ಅಪಾಯವಿರುವುದೂ ಅಲ್ಲೇ. ರಾಗಿ ಹಿಟ್ಟಿನ ಬಗ್ಗೆ ನಾಲ್ಕು ಸಾಲು ಕೇಳಿದರೆ ‘ಮಧುಮೇಹ ವಾಸಿಯಾಗುತ್ತದೆ’ ಎಂದು ಧಾರಾಳವಾಗಿ ಬರೆದುಬಿಡಬಹುದು. ಅದನ್ನು ಹಾಗೇ ಹಾಕಿದರೆ ಗಿರಾಕಿಗೆ ಮೋಸ, ಅಂಗಡಿಗೆ ದಂಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ಅಪರಾಧವಾಗಿ ನೋಡುತ್ತದೆ. ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು, ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆಯೂ ಬೇಕು. ಇಷ್ಟು ನಿಯಮ ಬಲ್ಲ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಾಲ್ಕು ಸಾಲು ತಪ್ಪಿಲ್ಲದೆ ತಿದ್ದಬಲ್ಲ ಒಬ್ಬರು ಹತ್ತು ಹದಿನೈದು ಅಂಗಡಿಗಳಿಗೆ, ಸ್ತ್ರೀಶಕ್ತಿ ಸಂಘಗಳಿಗೆ ತಮ್ಮ ಊರಲ್ಲಿ ಕೂತೇ ಕೆಲಸ ಮಾಡಿಕೊಡಬಹುದು.

ಕನ್ನಡವೂ ಇಲ್ಲಿ ದುಡಿಮೆಯ ಬಂಡವಾಳ. ಗಿರಾಕಿ ಮಾತಾಡಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರಿಸುವ ವ್ಯವಸ್ಥೆ ಬೇಕಾದರೆ ಅದಕ್ಕೆ ಕನ್ನಡಿಗರ ದನಿ ಕೇಳಿಸಿ ಕಲಿಸಬೇಕು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಚಾಮರಾಜನಗರದ ಕಡೆಯ ಹಳ್ಳಿಗಳ ಜನರಿಂದ ಮೊಬೈಲ್‌ನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಅದಕ್ಕೆ ಹಣ ಕೊಟ್ಟದ್ದು 2023ರಲ್ಲಿ ದೇಶದಾಚೆಗೂ ಸುದ್ದಿಯಾಯಿತು. ಹೀಗೆ ಯಂತ್ರಕ್ಕೆ ಕಲಿಸುವ ಕೆಲಸಕ್ಕೆ, ಅಂಗಡಿಗೇ ನೇರವಾಗಿ ಸೇರಿದ ಇನ್ನೊಂದು ಉದಾಹರಣೆ ಅಮೆಜಾನ್‌ನದು. ಕ್ಯಾಷಿಯರ್ ಇಲ್ಲದೆ ಸಾಮಾನು ಎತ್ತಿಕೊಂಡು ಹೊರಟುಹೋಗುವ ಅಂಗಡಿಯನ್ನು ಅದು 2018ರಲ್ಲಿ ಸಿಯಾಟಲ್‌ನಲ್ಲಿ ಜನರಿಗೆ ತೆರೆಯಿತು. 2024ರಲ್ಲಿ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಆ ವ್ಯವಸ್ಥೆ ತೆಗೆಯುವ ಹೊತ್ತಿಗೆ, ಅದರ ಹಿಂದೆ ಭಾರತದಲ್ಲಿ ಕೂತು ವಿಡಿಯೊ ನೋಡುವ ಸುಮಾರು ಸಾವಿರ ಮಂದಿ ಇದ್ದರು ಎಂದು ಪತ್ರಿಕೆಗಳು ಬರೆದವು. ಅವರು ಖರೀದಿಯನ್ನೆಲ್ಲ ಕೂತು ನೋಡುತ್ತಿರಲಿಲ್ಲ, ಯಂತ್ರಕ್ಕೆ ಕಲಿಸುವ ಮಾಹಿತಿ ಗುರುತು ಹಾಕುತ್ತಿದ್ದರು ಎಂದು ಕಂಪನಿ ಹೇಳಿತು. ಎರಡರಲ್ಲಿ ಯಾವುದು ನಿಜವಾದರೂ, ತೆರೆಯ ಹಿಂದೆ ಮನುಷ್ಯರಿದ್ದರು. ಆದರೆ ಗುರುತು ಹಾಕುವ ಕೆಲಸ ಖಾಯಂ ಅಲ್ಲ. ಯಂತ್ರ ಕಲಿತಷ್ಟೂ ಅದು ಕಡಿಮೆಯಾಗುತ್ತದೆ. ಅದನ್ನು ಮೆಟ್ಟಿಲಾಗಿ ನೋಡಿ, ಮನೆಯಾಗಿ ಅಲ್ಲ.

ಲೆಕ್ಕಪತ್ರದ ಮಾತು ಬೇರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮಾಹಿತಿ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಹಲವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದರೆ ತರಕಾರಿ, ಹಾಲಿನಂಥ ಪದಾರ್ಥಕ್ಕೆ ತೆರಿಗೆಯೇ ಇಲ್ಲ. ಅನೇಕರ ಬಳಿ ತೆರಿಗೆ ಇರುವ ಮಾರಾಟವನ್ನೂ ಇಲ್ಲದ ಮಾರಾಟವನ್ನೂ ಬೇರ್ಪಡಿಸಿ ತೋರಿಸುವ ಲೆಕ್ಕವೇ ಇರಲಿಲ್ಲ. ಮನೆಯ ಹಣ, ಕೈಸಾಲ, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಗೆ ಬಿದ್ದಿತ್ತು. ಹಿಂದೆ ಮಂಡಿಯ ಗುಮಾಸ್ತರು ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ಮಾಡುತ್ತಿದ್ದ ವಿಂಗಡಣೆಯನ್ನು ಈಗ ಫೋನಿನ ಬಿಲ್ಲಿಂಗ್ ಆಪ್ ಮಾಡುತ್ತದೆ. ಯಾವ ಸಾಮಾನು ಯಾವ ತೆರಿಗೆ ದರಕ್ಕೆ ಸೇರಬೇಕೆಂದು ಸರಿಯಾಗಿ ತುಂಬಿಸುವವರು ಬೇಕಷ್ಟೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರುಗಳಲ್ಲಿ ಇಂಥವರಿಗೆ ಇಂದೇ ಕೆಲಸವಿದೆ.

ಎಲ್ಲ ಹೊಸ ಕೆಲಸವೂ ಒಳ್ಳೆಯ ಕೆಲಸವಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಆರ್ಡರ್ ಬಂದ ನಿಮಿಷಗಳಲ್ಲಿ ಗೋದಾಮಿನ ಕಪಾಟುಗಳಿಂದ ಸಾಮಾನು ಹೆಕ್ಕುವುದು, ಬೈಕಿನಲ್ಲಿ ಮುಟ್ಟಿಸುವುದು ಇವೂ ಎಐ ನಡೆಸುವ ವ್ಯಾಪಾರದಿಂದಲೇ ಬೆಳೆದವು. ಅಲ್ಲಿ ಯಾರಿಗೆ ಯಾವ ಆರ್ಡರ್, ಎಷ್ಟು ಹೊತ್ತು ಎಂದು ಹೇಳುವ ಮೇಸ್ತ್ರಿ ಒಂದು ಆಪ್. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಆಪ್ ಮೂಲಕ ದುಡಿಯುವವರಿಗೆ ಕಲ್ಯಾಣ ನಿಧಿಯ ಜೊತೆಗೆ, ಸ್ವಯಂಚಾಲಿತ ವ್ಯವಸ್ಥೆ ತಮ್ಮ ಬಗ್ಗೆ ಹೇಗೆ ನಿರ್ಧರಿಸುತ್ತದೆ ಎಂದು ಕೇಳಿ ತಿಳಿಯುವ ಹಕ್ಕನ್ನೂ ಕೊಟ್ಟಿದೆ. ಆ ಕೆಲಸಕ್ಕೆ ಸೇರುವವರು ಕಾಯ್ದೆಯಡಿ ತಮ್ಮ ನೋಂದಣಿ ಆಗಿದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಓದಿನ ವಿಚಾರ. ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ಕಾಲೇಜು ಇದೆ, 2004ರಿಂದ ವಿಶ್ವವಿದ್ಯಾಲಯವಿದೆ; ಗುಬ್ಬಿ, ಕುಣಿಗಲ್‌ಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ ಅಂಕಿಅಂಶ, ಮಾರಾಟ ನಿರ್ವಹಣೆ, ಎಐ ಪಾಠಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಹೀಗಿರುವಾಗ ಮೂರೇ ತಿಂಗಳಲ್ಲಿ ಎಐ ಕಲಿಸಿ ಕೆಲಸ ಕೊಡಿಸುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುವ ಕಡೆ ಸಾಲ ಮಾಡಿ ಸೇರಬೇಡಿ. ಹೋಗುವುದೇ ಆದರೆ ಹಿಂದಿನ ತಂಡದವರು ಎಲ್ಲಿದ್ದಾರೆ, ಏನು ಕೆಲಸ ಮಾಡುತ್ತಿದ್ದಾರೆ ಎಂದು ಅವರನ್ನೇ ಕಂಡು ಕೇಳಿ.

ಕೆಲಸ ಕೇಳಲು ಹೋಗುವಾಗ ಪ್ರಮಾಣಪತ್ರಗಳ ಜೊತೆ ಮೂರು ವಸ್ತು ಇರಲಿ. ‘ಯಾಕೆ’ ಕಾಲಂ ಇರುವ ಆ ಮೂರು ತಿಂಗಳ ಮಾರಾಟದ ಪಟ್ಟಿ, ನೀವೇ ಫೋಟೊ ಹಿಡಿದು ಕನ್ನಡ, ಇಂಗ್ಲಿಷ್ ಎರಡೂ ಭಾಷೆಯಲ್ಲಿ ವಿವರ ಬರೆದ ಇಪ್ಪತ್ತು ಸಾಮಾನುಗಳ ಕ್ಯಾಟಲಾಗ್, ಎಐ ಬರೆದುಕೊಟ್ಟ ಒಂದು ಪುಟ. ಆ ಪುಟದಲ್ಲಿ ನೀವು ಹಿಡಿದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಪ್ರತಿಯೊಂದೂ ಯಾಕೆ ತಪ್ಪು ಎಂದು ಅಂಚಿನಲ್ಲಿ ಬರೆದಿರಿ.