ಆಟದ ನಿಯಮ ಎಲ್ಲರದು, ಆಟದ ಹೆಸರು ಒಬ್ಬರದು

ಕೋಲ್ಕತ್ತದ ಸಹೋದರರಾದ ರಜತ್ ಮತ್ತು ಜಯಂತ್ ಅಗರವಾಲಾ ರೂಪಿಸಿದ 'ಸ್ಕ್ರಾಬುಲಸ್' ಎಂಬ ಪದಗಳ ಆಟ 2007ರಲ್ಲಿ ಫೇಸ್‌ಬುಕ್ ಸೇರಿದ್ದೇ ತಡ, ಲಕ್ಷಾಂತರ ಜನರಿಗೆ ಹುಚ್ಚು ಹಿಡಿಸಿತು. ಚೌಕುಳಿ ಮಣೆ, ಅಕ್ಷರದ ಬಿಲ್ಲೆಗಳು, ಒಂದೊಂದು ಬಿಲ್ಲೆಗೂ ಒಂದೊಂದು ಅಂಕ. ಅದು ಹಳೆಯ 'ಸ್ಕ್ರಾಬಲ್' ಆಟದ ಪಡಿಯಚ್ಚು ಎಂಬುದು ಆಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಅಮೆರಿಕ ಮತ್ತು ಕೆನಡಾದಲ್ಲಿ ಸ್ಕ್ರಾಬಲ್‌ನ ಹಕ್ಕು ಹ್ಯಾಸ್‌ಬ್ರೊ ಕಂಪೆನಿಯದು, ಉಳಿದ ದೇಶಗಳಲ್ಲಿ ಮ್ಯಾಟೆಲ್ ಕಂಪೆನಿಯದು. 2008ರಲ್ಲಿ ಹ್ಯಾಸ್‌ಬ್ರೊ ನ್ಯೂಯಾರ್ಕಿನ ನ್ಯಾಯಾಲಯದ ಮೆಟ್ಟಿಲೇರಿದರೆ, ಮ್ಯಾಟೆಲ್ ದೆಹಲಿ ಹೈಕೋರ್ಟಿಗೆ ಬಂದಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನೀಡಿದ ಆದೇಶ ಎರಡೂ ಕಡೆಯವರಿಗೆ ಅರ್ಧ ಸಿಹಿ, ಅರ್ಧ ಕಹಿಯಾಗಿತ್ತು. ಆಟದ ಮಣೆಯ ಮೇಲೆ ತನಗೆ ಕೃತಿಸ್ವಾಮ್ಯವಿದೆ ಎಂಬ ಮ್ಯಾಟೆಲ್ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಆದರೆ 'ಸ್ಕ್ರಾಬುಲಸ್' ಎಂಬ ಹೆಸರು ಮ್ಯಾಟೆಲ್‌ನ ನೋಂದಾಯಿತ ಟ್ರೇಡ್‌ಮಾರ್ಕಿಗೆ ತೀರಾ ಹತ್ತಿರವಾಗಿದೆ ಎಂದು ಅದರ ಬಳಕೆಗೆ ತಡೆಯಾಜ್ಞೆ ನೀಡಿತು. ಸಹೋದರರು ಹೆಸರನ್ನು 'ಲೆಕ್ಸುಲಸ್' ಎಂದು ಬದಲಿಸಿದರು. ಡಿಸೆಂಬರ್‌ನಲ್ಲಿ ಹ್ಯಾಸ್‌ಬ್ರೊ ಕೂಡ ದಾವೆ ಹಿಂತೆಗೆದುಕೊಂಡಿತು. ಹೆಸರು ಹೋಯಿತು, ಆಟ ಉಳಿಯಿತು.

ನಿಯಮಕ್ಕೆ ಒಡೆಯನಿಲ್ಲ

ಆನ್‌ಲೈನ್ ಆಟ ಕಟ್ಟುವವರೆಲ್ಲ ಅರಿಯಬೇಕಾದ ಮೊದಲ ಪಾಠ ಇದು. ಕಾನೂನು ಕಲ್ಪನೆಯನ್ನು ಕಾಯುವುದಿಲ್ಲ, ಆ ಕಲ್ಪನೆಗೆ ಕೊಟ್ಟ ರೂಪವನ್ನು ಕಾಯುತ್ತದೆ. ಚೌಕಾಬಾರದ ಉದಾಹರಣೆ ನೋಡಿ. ಕವಡೆ ಹಾಕಿ ಕಾಯಿ ನಡೆಸುವ ಕ್ರಮ ಯಾರ ಸ್ವತ್ತೂ ಅಲ್ಲ. ಆದರೆ ಆ ಆಟವನ್ನು ಯಾರಾದರೂ ಮೊಬೈಲಿಗೆ ತಂದರೆ, ಅದಕ್ಕಾಗಿ ಬರೆದ ಪ್ರೋಗ್ರಾಂ, ಬಿಡಿಸಿದ ಚಿತ್ರ, ಕಟ್ಟಿದ ಸಂಗೀತ ಇವೆಲ್ಲ ಮಾಡಿದವರ ಸ್ವತ್ತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲೇ ಇರಿಸಿದೆ. ಈ ಹಕ್ಕು ದೊರೆಯಲು ನೋಂದಣಿ ಕಡ್ಡಾಯವಲ್ಲ.

ಪೇಟೆಂಟ್ ಪಡೆದರಾಗದೇ ಎಂಬ ಪ್ರಶ್ನೆ ಸಹಜ. 1970ರ ಪೇಟೆಂಟ್ ಕಾಯ್ದೆಯ 3ನೇ ಕಲಂ ಆ ಬಾಗಿಲನ್ನು ಮುಚ್ಚಿದೆ. ಆಟವಾಡುವ ವಿಧಾನಕ್ಕೆ ಪೇಟೆಂಟ್ ಇಲ್ಲವೆಂದು ಅದು ನೇರವಾಗಿಯೇ ಹೇಳುತ್ತದೆ.

ಟೆಟ್ರಿಸ್ ಪ್ರಕರಣ

ಹಾಗಾದರೆ ನಕಲು ಮಾಡುವವರಿಗೆ ಲಗಾಮೇ ಇಲ್ಲವೇ? ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ರೂಪಿಸಿದ ಟೆಟ್ರಿಸ್, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಆಟ. ಕ್ಸಿಯೊ ಎಂಬ ಸಂಸ್ಥೆ ಅದನ್ನೇ ಹೋಲುವ 'ಮಿನೋ' ಆಟವನ್ನು ಐಫೋನಿಗೆ ತಂದಿತು. ಕಾನೂನನ್ನು ಓದಿಕೊಂಡು, ರಕ್ಷಣೆಯಿಲ್ಲದ ಅಂಶಗಳನ್ನಷ್ಟೇ ತೆಗೆದುಕೊಂಡಿದ್ದೇವೆ ಎಂಬುದು ಅದರ ವಾದವಾಗಿತ್ತು.

2012ರಲ್ಲಿ ತೀರ್ಪು ಬಂದಿತು. ತುಂಡುಗಳು ಬೀಳುವುದು, ಸಾಲು ತುಂಬಿದರೆ ಅಳಿಯುವುದು ನಿಯಮಗಳು, ಅವನ್ನು ಯಾರೂ ಬಳಸಬಹುದು. ಆದರೆ ತುಂಡುಗಳ ಆಕಾರ ಮತ್ತು ನೋಟ, 20 ಸಾಲು 10 ಕಂಬದ ಅಂಗಣ, ತುಂಡು ಎಲ್ಲಿ ಬೀಳುವುದೆಂದು ತೋರುವ ನೆರಳು ಇವೆಲ್ಲ ಕರ್ತೃವಿನ ಆಯ್ಕೆಗಳು. ಅದೇ ನಿಯಮವನ್ನು ಬೇರೆ ರೂಪದಲ್ಲಿಯೂ ತೋರಿಸಬಹುದಿತ್ತು. ಎರಡರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ನ್ಯಾಯಾಲಯ, ಕ್ಸಿಯೊ ಮಾಡಿದ್ದು ನಕಲೇ ಎಂದು ನಿರ್ಣಯಿಸಿತು.

ಬೀಗ ಮುರಿಯುವವರು

ನಕಲುಗಾರ ಹೊರಗಿನಿಂದ ನೋಡಿ ಕದ್ದರೆ, ಹ್ಯಾಕರ್ ಒಳಗೇ ನುಗ್ಗುತ್ತಾನೆ. ಸುಲಭವಾಗಿ ಗೆಲ್ಲಿಸುವ ಮೋಸದ ತಂತ್ರಾಂಶ ಮಾರುವುದು ಇದರಲ್ಲಿ ದೊಡ್ಡ ದಂಧೆ. ಮೋಸ ಹೆಚ್ಚಿದಂತೆ ಪ್ರಾಮಾಣಿಕ ಆಟಗಾರರು ಬೇಸತ್ತು ದೂರವಾಗುತ್ತಾರೆ. ಆಟಕ್ಕೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟವನ್ನು ಆಟಗಾರನ ಪರವಾಗಿ ತಾನೇ ಆಡುವ 'ಗ್ಲೈಡರ್' ತಂತ್ರಾಂಶದ ಬಗ್ಗೆ 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು. ಆಟಗಾರ ಷರತ್ತು ಮುರಿದ ಮಾತ್ರಕ್ಕೆ ಕೃತಿಸ್ವಾಮ್ಯದ ಉಲ್ಲಂಘನೆಯಾಗದು. ಆದರೆ ಆಟದ ಕಾವಲು ವ್ಯವಸ್ಥೆಯ ಕಣ್ಣು ತಪ್ಪಿಸುವ ಸಾಧನವನ್ನು ಮಾರುವುದು ಕಾನೂನುಬಾಹಿರ ಎಂದಿತು. 'ಡೆಸ್ಟಿನಿ 2' ಆಟದ ನಿರ್ಮಾಪಕ ಸಂಸ್ಥೆ ಬಂಜಿ, ಇಂಥದ್ದೇ ಸರಕು ಮಾರುತ್ತಿದ್ದ ಏಮ್‌ಜಂಕೀಸ್ ವಿರುದ್ಧ 2023ರಲ್ಲಿ ಮಧ್ಯಸ್ಥಿಕೆಯಲ್ಲಿ ಸುಮಾರು 44 ಲಕ್ಷ ಡಾಲರ್ ಗೆದ್ದಿತು. 2024ರಲ್ಲಿ ಸಿಯಾಟಲ್‌ನ ಜ್ಯೂರಿ ಇನ್ನೂ ಸುಮಾರು 63 ಸಾವಿರ ಡಾಲರ್ ಕೊಡಿಸಿತು.

ನಮ್ಮಲ್ಲಿರುವ ದಾರಿಗಳು

ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹ್ಯಾಕರ್‌ಗಳಿಗೆ ಅನ್ವಯವಾಗುತ್ತದೆ. ಅನುಮತಿಯಿಲ್ಲದೆ ಸರ್ವರ್ ಪ್ರವೇಶಿಸಿದರೆ, ಮಾಹಿತಿ ಕದ್ದರೆ, ವೈರಸ್ ಬಿಟ್ಟರೆ 43ನೇ ಕಲಂ ಪ್ರಕಾರ ಪರಿಹಾರ ಕೇಳಬಹುದು. ದುರುದ್ದೇಶ ಸಾಬೀತಾದರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕರ್ನಾಟಕದಲ್ಲಿ ಸಿಇಎನ್ ಪೊಲೀಸ್ ಠಾಣೆಗಳಲ್ಲಿ ದೂರು ಕೊಡಬಹುದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವವರಿಗೆ 2 ವರ್ಷದವರೆಗೆ ಸೆರೆ ವಿಧಿಸುತ್ತದೆ.

ನಕಲಿ ಆಟ ಆ್ಯಪ್ ಅಂಗಡಿಯಲ್ಲಿ ಕಂಡರೆ ಅಂಗಡಿ ನಡೆಸುವ ಕಂಪೆನಿಗೆ ಲಿಖಿತ ದೂರು ಕೊಡುವುದು ಅಗ್ಗದ ದಾರಿ. ನಿಯಮದಂತೆ ದೂರು ತಲುಪಿದ 36 ಗಂಟೆಯೊಳಗೆ ಅದು ಕ್ರಮ ಕೈಗೊಳ್ಳಬೇಕು. ಆದರೆ 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ನಕಲು ಮತ್ತೆ ತಲೆಯೆತ್ತಬಹುದು. ದಾವೆ ಹೂಡಲು ದೂರದ ಊರಿಗೆ ಅಲೆಯಬೇಕಾಗಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 62ನೇ ಕಲಂ, ದಾವೆದಾರ ವಾಸವಿರುವ ಅಥವಾ ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯಕ್ಕೇ ಹೋಗಲು ಅವಕಾಶ ಕೊಟ್ಟಿದೆ. ಹುಬ್ಬಳ್ಳಿಯವರು ಹುಬ್ಬಳ್ಳಿಯಲ್ಲೇ ಹೋರಾಡಬಹುದು.

ಇದಕ್ಕೆಲ್ಲ ಮೊದಲು ಸ್ವಂತ ಮನೆ ಸರಿಯಾಗಿರಬೇಕು. ಹೊರಗಿನವರಿಂದ ಪ್ರೋಗ್ರಾಂ ಬರೆಸಿ ಹಣ ಕೊಟ್ಟರಷ್ಟೇ ಸಾಲದು. ಹಕ್ಕನ್ನು ವರ್ಗಾಯಿಸಿದ ಸಹಿಯ ಪತ್ರವಿಲ್ಲದಿದ್ದರೆ ಅದು ಬರೆದವರಲ್ಲೇ ಉಳಿಯುತ್ತದೆ. ಆಟದ ಹೆಸರನ್ನು ಬಿಡುಗಡೆಗೆ ಮುನ್ನವೇ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವುದು, ಪ್ರೋಗ್ರಾಂ ಮತ್ತು ಚಿತ್ರಗಳ ಕರಡುಗಳನ್ನು ದಿನಾಂಕಸಹಿತ ಕಾಪಾಡುವುದು ಜಾಣತನ.

ತಿಂಗಳುಗಟ್ಟಲೆ ನಿದ್ದೆಗೆಟ್ಟು ಹೊಸ ಆಟ ಹೊಳೆಯಿಸಿಕೊಂಡವನ ಕಲ್ಪನೆಗೆ ರಕ್ಷಣೆ ಇಲ್ಲದಿರುವುದು ಅನ್ಯಾಯವಾಗಿ ತೋರಬಹುದು. ಆದರೆ ನಿಯಮಗಳಿಗೂ ಒಡೆಯರಿದ್ದರೆ ಅವರು ದೊಡ್ಡ ಕಂಪೆನಿಗಳೇ ಆಗಿರುತ್ತಿದ್ದರು, ಕೋಲ್ಕತ್ತದ ಇಬ್ಬರು ಹುಡುಗರ ಆಟ 2008ರಲ್ಲೇ ಮುಗಿಯುತ್ತಿತ್ತು. ಸಣ್ಣವರನ್ನು ಬಯಲಲ್ಲಿ ನಿಲ್ಲಿಸಿದ ಕಾನೂನೇ ಅವರಿಗೆ ಆ ಬಯಲನ್ನೂ ಉಳಿಸಿಕೊಟ್ಟಿದೆ.